ತಮ್ಮನಿಗಿಂತ ಸಣ್ಣವಳಾದ ಅಕ್ಕ

ಆಕೆ ಮೊದಲ ಸಲ ನನ್ನ ಕಚೇರಿಗೆ ಬಂದಾಗ ನಾನು ಎರಡೇ ನಿಮಿಷದಲ್ಲಿ ಅರ್ಜಿ ತಿರುಗಿ ಕೊಟ್ಟು ಕಳಿಸಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮಾಡಿದ್ದನ್ನಷ್ಟೇ ಹೇಳಿದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ.

ಸರಕಾರದ ಕಾಗದದಲ್ಲಿ ನಾನು ಗ್ರಾಮ ಆಡಳಿತ ಅಧಿಕಾರಿ. ಊರವರ ಬಾಯಲ್ಲಿ ಇನ್ನೂ ತಲಾಟಿ. ಹೆಂಗಸಾದ್ದರಿಂದ ತಲಾಟಿ ಬಾಯಾರು. ಮನೆ ಗೋಕಾಕದಲ್ಲಿ, ಕೆಲಸ ಮೂಡಲಗಿ ತಾಲೂಕಿನ ತುಕ್ಕಾನಟ್ಟಿ ಕಡೆಯ ಎರಡು ಊರುಗಳಲ್ಲಿ. ಜಾತಿ, ಆದಾಯದ ವರದಿಯಿರಲಿ, ಬೆಳೆಯ ಲೆಕ್ಕವಿರಲಿ, ವೃದ್ಧಾಪ್ಯ ವೇತನದ ಅರ್ಜಿಯಿರಲಿ, ನನ್ನ ಮೇಜು ದಾಟಿಯೇ ಮುಂದೆ ಹೋಗಬೇಕು.

ಆಕೆ ಕುರುಬರ ಓಣಿಯವಳು. ಬೆನ್ನು ಬಾಗಿತ್ತು. ಮೇಲಿನ ಸಾಲಿನಲ್ಲಿ ಒಂದೂ ಹಲ್ಲಿರಲಿಲ್ಲ. ಆದರೆ ಮೆಟ್ಟಿಲು ಹತ್ತಿ ಬಂದ ರೀತಿ ಮಾತ್ರ ಚುರುಕಾಗಿತ್ತು. ವೃದ್ಧಾಪ್ಯ ವೇತನದ ಅರ್ಜಿಗೆ ಹಚ್ಚಿದ್ದ ಆಧಾರ್ ಕಾರ್ಡಿನ ಪ್ರತಿ ನೋಡಿದೆ. ಹುಟ್ಟಿದ ದಿನ ಜನವರಿ ಒಂದು. ಎಣಿಸಿದರೆ ಐವತ್ತೆರಡು ವರ್ಷ.

“ಆಯಿ, ಅರವತ್ತ ತುಂಬಿರಬೇಕ್ರಿ. ನಿಮಗ ಇನ್ನಾ ಎಂಟ ವರ್ಷ ಐತಿ,” ಎಂದೆ.

“ಎಂಟ ವರ್ಷ ಏನ್ ಐತ್ರಿ?”

“ವಯಸ್ಸ ಆಗಾಕ.”

ಆಕೆ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, “ನನ್ನ ಮಾರಿ ನೋಡಿ ಹೇಳ್ರಿ ಬಾಯಾರ,” ಎಂದಳು.

“ಮಾರಿ ನೋಡಿ ಕೊಡಾಕ ಬರೂದಿಲ್ರಿ ಆಯಿ. ಕಾರ್ಡ ನೋಡಬೇಕ.”

ಜಗಳ ಮಾಡಲಿಲ್ಲ. ಅರ್ಜಿ ಮಡಿಚಿ ಸೀರೆಯ ಉಡಿಗೆ ಸೇರಿಸಿಕೊಂಡು ಹೋದಳು. ನಾನು ಮುಂದಿನವರನ್ನು ಕರೆದೆ.

ಹದಿನೈದು ದಿನದ ಮೇಲೆ ಬೆಳೆ ನೋಡಲು ಹೋದಾಗ ಅದೇ ಓಣಿಯಲ್ಲಿ ಹಾಯ್ದೆ. ಆಕೆ ಮನೆಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ಕಂಬಳಿ ನೇಯುವವರಿಗೆ ನೂಲು ಮಾಡಿಕೊಟ್ಟು, ಉಳಿದ ದಿನ ಕಬ್ಬಿನ ಗದ್ದೆಯಲ್ಲಿ ಕಸ ತೆಗೆದು ಬದುಕುವವಳು. ಸಿಟ್ಟಾಗಿರುತ್ತಾಳೆ ಎಂದುಕೊಂಡಿದ್ದೆ. “ಬರ್ರಿ, ನೀರ ಕುಡೀರಿ,” ಎಂದು ಕರೆದಳು. ಕೂತೆ. ಕೂತಿದ್ದಕ್ಕೇ ಮುಂದಿನದೆಲ್ಲ ಗೊತ್ತಾಯಿತು.

ಹನ್ನೆರಡು ವರ್ಷದ ಹಿಂದೆ ಕಾರ್ಡು ಮಾಡಿಸುವ ದಿನ ಊರ ಕನ್ನಡ ಸಾಲಿಯ ಮುಂದೆ ದೊಡ್ಡ ಸರತಿ ಇತ್ತಂತೆ. ವಯಸ್ಸೆಷ್ಟು ಎಂದು ಕೇಳಿದಾಗ ಈಕೆಗೆ ಹೇಳಲು ಬರಲಿಲ್ಲ. ಹಿಂದೆ ನಿಂತಿದ್ದ ನೆರೆಮನೆಯವಳಿಗೆ ಮನೆಗೆ ಹೋಗುವ ಅವಸರ. “ಬರ್ಕೋರಿ ಒಂದ ನಲವತ್,” ಎಂದಳಂತೆ. ದಿನ ಗೊತ್ತಿಲ್ಲದವರಿಗೆಲ್ಲ ಹಾಕುವಂತೆ ಜನವರಿ ಒಂದು ಎಂದು ಹಾಕಿ ಬರೆದುಕೊಂಡರು. ಅಲ್ಲಿಂದ ಸರಕಾರದ ಲೆಕ್ಕದಲ್ಲಿ ಈಕೆಗೆ ಅದೇ ವಯಸ್ಸು.

“ಗಂಡ ಅದಾರೇನ್ರಿ?” ಎಂದು ಕೇಳಿದೆ. ವಿಧವಾ ವೇತನಕ್ಕೆ ಅರವತ್ತರ ಹಂಗಿಲ್ಲ, ಅದಾದರೂ ಆದೀತು ಎಂಬ ಆಸೆ.

“ಕುರಿ ಹೊಡಕೊಂಡ ತೆಂಕಲ ಸೀಮಿಗೆ ಹ್ವಾದಾಂವ ಬರಲಿಲ್ರಿ. ಕುರಿ ಬಂದ್ವು, ಮಂದಿ ಬಂದ್ರು. ಅಂವ ಬರಲಿಲ್ಲ. ಸತ್ತಾನ ಅಂತ ಕೆಲವರು, ಅಲ್ಲೇ ಒಬ್ಬಾಕಿನ್ನ ಮಾಡ್ಕೊಂಡಾನ ಅಂತ ಕೆಲವರು. ಆವಾಗ ನನ್ನ ಮಗಳಿಗಿ ಇನ್ನಾ ಹಲ್ಲ ಬಂದಿದ್ದಿಲ್ಲ. ಈಗ ಆಕಿಗೆ ಮೊಮ್ಮಗ ಅದಾನ.” ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: “ಗಂಡ ಸತ್ತಿದ್ದಕ್ಕ ಕಾಗದಿಲ್ಲ. ನನಗ ಮುಪ್ಪ ಬಂದಿದ್ದಕ್ಕ ಕಾಗದಿಲ್ಲ. ನಾ ವಿಧವಿನೂ ಅಲ್ಲ, ಮುದುಕಿನೂ ಅಲ್ರಿ.”

ರೇಷನ್ ಕಾರ್ಡಿನಲ್ಲಿ ಆಕೆಯ ಹೆಸರು ತಮ್ಮನ ಮನೆಯ ಜೊತೆಗಿತ್ತು. ಮನೆಯೊಡತಿಗೆ ಬರುವ ಹಣ ತಮ್ಮನ ಹೆಂಡತಿಗೆ ಹೋಗುತ್ತಿತ್ತು. ಆ ತಮ್ಮ ನೀರಾವರಿ ಇಲಾಖೆಯಲ್ಲಿ ಸಿಪಾಯಿಯಾಗಿದ್ದು ನಾಲ್ಕು ವರ್ಷದ ಹಿಂದೆ ನಿವೃತ್ತನಾಗಿ ಘಟಪ್ರಭಾದಲ್ಲಿ ಮನೆ ಕಟ್ಟಿಸಿಕೊಂಡಿದ್ದ.

“ಅವಗ ಪೆನ್ಶನ್ ಬರತೈತ್ರಿ. ಅವನ್ನ ಬಗಲಾಗ ಹೊತ್ತ ತಿರಗಿದಾಕಿ ನಾ. ಅಂವ ನೌಕರಿ ಮುಗಿಸಿ ಮುದುಕ ಆದ, ನಾ ಇನ್ನಾ ಸಣ್ಣಾಕಿ!” ಎಂದು ನಕ್ಕಳು. ನನಗೂ ನಗು ಬಂತು. ನಗು ಮುಗಿದ ಮೇಲೆ ನಾಚಿಕೆಯಾಯಿತು. ಹದಿನೈದು ದಿನದ ಹಿಂದೆ ಈ ಮುಖವನ್ನೇ ನೋಡಿ, ಇನ್ನೂ ಎಂಟು ವರ್ಷ ಎಂದವಳು ನಾನು.

“ಆಯಿ, ಆ ಅರ್ಜಿ ಇಲ್ಲೆ ಕೊಡ್ರಿ. ಇದನ್ನ ನಾ ಮಾಡಸ್ತೇನಿ,” ಎಂದೆ. ಹೇಗೆ ಎಂದು ಆಗ ಗೊತ್ತಿರಲಿಲ್ಲ. ಆದರೆ ಆಗುತ್ತದೆ ಎಂದು ಗೊತ್ತಿತ್ತು. ಹದಿನೇಳು ವರ್ಷದ ನೌಕರಿ ನನಗೆ ಅಷ್ಟು ಧೈರ್ಯ ಕೊಟ್ಟಿದೆ: ಖರೆ ಇದ್ದದ್ದು ಎಲ್ಲೋ ಒಂದು ಕಾಗದದಲ್ಲಿ ಇದ್ದೇ ಇರುತ್ತದೆ.

ತಾಲೂಕು ಕಚೇರಿಯ ಶಿರಸ್ತೇದಾರರನ್ನು ಕೇಳಿದೆ. “ಕಾರ್ಡಿನಾಗ ವಯಸ್ಸ ತಿದ್ದಿಸಿಕೊಂಡ ಬರ್ರಿ, ಮಂಜೂರಿ ನಾ ನೋಡ್ಕೋತೇನಿ,” ಎಂದರು. ಸರಕಾರಿ ದವಾಖಾನೆಯ ವೈದ್ಯರನ್ನು ಕೇಳಿದೆ. ಆಕೆಯನ್ನು ಕೂಡಿಸಿ ಕಣ್ಣು, ಬಾಯಿ, ಮೊಣಕಾಲು ನೋಡಿದರು. “ಅರವತ್ತೈದರ ಮ್ಯಾಲ ಅದಾರ ಅಂತ ನನಗ ಅನಸ್ತೈತಿ. ಆದ್ರ ನನ್ನ ಅಂದಾಜಿನ ಜೋಡಿ ಒಂದ ದಾಖಲೆ ಬೇಕ್ರಿ. ಬರೇ ಅಂದಾಜ ನಾಳೆ ಯಾರೂ ಒಪ್ಪೂದಿಲ್ಲ,” ಎಂದರು. ನ್ಯಾಯವಾದ ಮಾತೇ. ಆಕೆ ಸಾಲಿಗೆ ಹೋಗಿರಲಿಲ್ಲ. ಹುಟ್ಟಿದ್ದು ಅಡವಿಯಲ್ಲಿ, ಕುರಿ ಹಟ್ಟಿ ಹಾಕಿದ ಯಾವುದೋ ಹೊಲದಲ್ಲಿ. ಜನನ ನೋಂದಣಿಯ ಮಾತೇ ಇಲ್ಲ.

ಅದೇ ದಿನಗಳಲ್ಲಿ ಮೇಲಿನಿಂದ ಒಂದು ಆದೇಶ ಬಂತು. ಈಗಾಗಲೇ ವೃದ್ಧಾಪ್ಯ ವೇತನ ಪಡೆಯುತ್ತಿರುವವರು ನಿಜವಾಗಿ ಅರ್ಹರೇ ಎಂದು ಮನೆಮನೆಗೆ ಹೋಗಿ ನೋಡಿ ಬರಬೇಕು. ಆ ರವಿವಾರ ನಾನು ತವರಿಗೆ ಹೋಗಿದ್ದೆ. ನನ್ನ ತವರು ಹುಕ್ಕೇರಿ ತಾಲೂಕಿನಲ್ಲಿ, ನಿಡಸೋಸಿಗೆ ಹತ್ತಿರದ ಒಂದು ಹಳ್ಳಿ. ಅಪ್ಪ ನಿವೃತ್ತ ಮಾಸ್ತರ. ಅಪ್ಪನ ತಮ್ಮ, ನನ್ನ ಕಾಕಾ, ರೈತ. ಎರಡು ಮನೆಗೂ ಒಂದೇ ಅಂಗಳ. ಊಟಕ್ಕೆ ಕೂತಾಗ ಮುದುಕಿಯ ಕತೆಯನ್ನೂ ಹೊಸ ಆದೇಶದ ಸುದ್ದಿಯನ್ನೂ ಹೇಳಿದೆ. ರೊಟ್ಟಿ ಬಡಿಸುತ್ತಿದ್ದ ಕಾಕಾನ ಹೆಂಡತಿ, ನನ್ನ ಚಿಗವ್ವ, ಗಾಬರಿಯಾಗಿ, “ಹಂಗಾರ ನಿಮ್ಮ ಕಾಕಾಂದೂ ಬಂದ್ ಆಗತೈತೇನವಾ?” ಎಂದುಬಿಟ್ಟಳು.

ನನಗೆ ಗೊತ್ತೇ ಇರಲಿಲ್ಲ. ಕಾಕಾಗೆ ಅರವತ್ತೆರಡು ನಿಜ. ಆದರೆ ಐದೆಕರೆ ನೀರಾವರಿ ಹೊಲವಿದೆ, ಕಬ್ಬು ಹೋಗುತ್ತದೆ, ಎರಡು ಎಮ್ಮೆ ಹಾಲು ಕೊಡುತ್ತವೆ. ಯಾರೋ ಬರೆದುಕೊಟ್ಟ ಕಡಿಮೆ ಆದಾಯದ ಕಾಗದದ ಮೇಲೆ ಎರಡು ವರ್ಷದಿಂದ ಬಡವರ ವೇತನ ತೆಗೆದುಕೊಳ್ಳುತ್ತಿದ್ದ.

“ಕಾಕಾ, ಇದು ನಿನಗ ಬರಬಾರದ,” ಎಂದೆ.

ಕಾಕಾ ಕೈ ನಿಲ್ಲಿಸಿ ನನ್ನನ್ನು ನೋಡಿದ. “ಯಾಕ ಬರಬಾರದ? ನಿಮ್ಮಪ್ಪ ಖುರ್ಚಿ ಮ್ಯಾಲ ಕುಂತ ಪಾಠ ಹೇಳ್ಯಾನ. ಸರಕಾರ ಅವಗ ಸಾಯೂತನಕ ಕೊಡತೈತಿ. ನಾ ಹದಿನಾರ ವರ್ಷದಾಂವ ಇದ್ದಾಗಿಂದ ಹೊಲಕ್ಕ ನೀರ ಹಾಯಿಸೇನಿ. ಹಾವ ಕಡಿಸಿಕೊಂಡೇನಿ, ಮಷೀನಿಗೆ ಬೆರಳ ಕೊಟ್ಟೇನಿ. ನಾ ದುಡದಿದ್ದು ದುಡತ ಅಲ್ಲೇನ? ಊರಿಗೆ ಉಣ್ಣಾಕ ಬೆಳದಾಂವಗ ಮುಪ್ಪಿನಾಗ ಏನೂ ಬ್ಯಾಡ, ಅಲ?”

ಅಪ್ಪ ತಟ್ಟೆಯನ್ನೇ ನೋಡುತ್ತ, “ಅಂವ ಹೇಳೂದು ಸುಳ್ಳಲ್ಲ,” ಎಂದ.

ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಅಪ್ಪನಂಥ ಪೆನ್ಶನ್ ನನಗೂ ಇಲ್ಲ. ನಾನು ನೌಕರಿಗೆ ಸೇರುವ ಹೊತ್ತಿಗೆ ಕಾಯ್ದೆ ಬದಲಾಗಿತ್ತು. ನಮ್ಮ ಪಗಾರದಲ್ಲೇ ಹಿಡಿದು ಕೂಡಿಟ್ಟಿದ್ದು ಎಷ್ಟಾಗುತ್ತದೋ ಅಷ್ಟು. ಹಳೆಯ ಪೆನ್ಶನ್ ಬೇಕೆಂದು ನಾನೂ ಬೆಳಗಾವಿಯ ಬಿಸಿಲಿನಲ್ಲಿ ಕೂತು ಬಂದವಳು. ಆದರೆ ಕಾಕಾನ ಮಾತಿನಲ್ಲಿ ಎರಡು ಬೇರೆ ಬೇರೆ ಎಳೆ ಗಂಟುಬಿದ್ದಿದ್ದವು. ಅದನ್ನು ಬಿಡಿಸಲೇಬೇಕಿತ್ತು.

“ಕಾಕಾ, ರೈತಗ ಪೆನ್ಶನ್ ಬೇಕ ಅಂತ ಕೇಳು. ನಾನೂ ಜೋಡಿ ಬರ್ತೇನಿ. ಅದು ನಿನ್ನ ಹಕ್ಕ. ಆದ್ರ ನೀ ಈಗ ತಗೊಳ್ಳಾಕತ್ತಿದ್ದು ದುಡದಿದ್ದರ ಪೆನ್ಶನ್ ಅಲ್ಲ, ಏನೂ ಇಲ್ಲದವರಿಗೆ ಅಂತ ಇಟ್ಟಿದ್ದು. ಅವರ ಪಂಕ್ತ್ಯಾಗ ನೀ ಕುಂತ ಉಣಬ್ಯಾಡ.”

ಕಾಕಾ ಎದ್ದ, ಕೈ ತೊಳೆದ, ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೊರಗೆ ಹೋದ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು. ಕಾಲೇಜಿಗೆ ಹೋಗುವ ಹುಡುಗಿ ಎಂದು ಊರು ಆಡಿಕೊಂಡಾಗ ಊರಿಗೆ ಉತ್ತರ ಕೊಟ್ಟವನು. ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಊಟ ಸೇರಲಿಲ್ಲ. ಆದರೂ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು ಎಂದು ಅನಿಸಲಿಲ್ಲ.

ಸಂಜೆ ಚಹದ ಹೊತ್ತಿಗೆ ಕಾಕಾ ತಿರುಗಿ ಬಂದ. ನನ್ನ ಎದುರು ಕೂತ. ತನ್ನ ವಿಷಯ ಎತ್ತಲೇ ಇಲ್ಲ.

“ಆ ಮುದುಕಿ ತಮ್ಮ ಸಾಲಿ ಕಲ್ತಾನಂದಿ, ಅಲ?”

“ಹೂಂ. ಸಿಪಾಯಿ ಆಗಿದ್ದ.”

“ಅಂದ್ರ ಅವನ ಹುಟ್ಟಿದ ತಾರೀಖ ಸರಕಾರದ ಕಡೆ ಪಕ್ಕಾ ಐತಿ. ವಂಶಾವಳಿ ಬರಿಯಾಕಿ ನೀನ. ಅಪ್ಪ, ಅವ್ವ, ಹಿರೇ ಮಗಳು, ಕಿರೇ ಮಗ ಅಂತ ಪಂಚರ ಮುಂದ ಬರದ್ರ, ತಮ್ಮಗ ಅರವತ್ನಾಕ ಆದಾಗ ಅಕ್ಕಗ ಐವತ್ತೆರಡ ಹ್ಯಾಂಗ ಆಗತೈತಿ? ಹಿಸ್ಸಾದ ದಾವೆ ಸಲುವಾಗಿ ಎಂಟ ವರ್ಷ ಕೋರ್ಟ ತಿರಗೇನಿ ನಾ. ಯಾರ ಹಿರಿಯರು, ಯಾರ ಕಿರಿಯರು ಅನ್ನೂದ ವಂಶಾವಳಿಯಷ್ಟ ಗಟ್ಟಿಯಾಗಿ ಯಾವುದೂ ಹೇಳೂದಿಲ್ಲ.”

ತಿಂಗಳಿಗೆ ಹತ್ತಾರು ವಂಶಾವಳಿ ಬರೆಯುವ ನನಗೆ ಅದು ಹೊಳೆದಿರಲಿಲ್ಲ. ವಂಶಾವಳಿಯೆಂದರೆ ಆಸ್ತಿಗೆ, ಸತ್ತವರ ವಾರಸಾಕ್ಕೆ ಎಂದೇ ತಲೆಯಲ್ಲಿ ಕೂತಿತ್ತು. ಬದುಕಿರುವ ಹೆಂಗಸಿನ ವಯಸ್ಸು ಕೂಡ ಅದರಲ್ಲಿ ಸಿಗುತ್ತದೆ ಎಂದು ತೋರಿಸಿಕೊಟ್ಟವನು, ಊಟದ ಹೊತ್ತಿಗೆ ನನ್ನ ಮೇಲೆ ಸಿಟ್ಟು ಮಾಡಿಕೊಂಡು ಎದ್ದು ಹೋದ ಕಾಕಾ.

ಮರುವಾರ ಘಟಪ್ರಭಾಕ್ಕೆ ಹೋದೆ. ತಮ್ಮನ ಮನೆ ಸ್ಟೇಷನ್ನಿಗೆ ಹತ್ತಿರ. ತಾವೇ ಖುರ್ಚಿ ತಂದು ಹಾಕಿ ಕೂರಿಸಿದರು. ಅಕ್ಕನ ಹೆಸರು ಎತ್ತಿದಾಗ ಮುಖ ಅರಳಿತು. ವಂಶಾವಳಿ ಎಂದ ಕೂಡಲೇ ಬಾಡಿತು.

“ಅದೆಲ್ಲಾ ಯಾಕ್ರಿ ಬಾಯಾರ? ಅಕ್ಕಗ ತಿಂಗಳಿಗಿಷ್ಟ ನಾನ ಕೊಡ್ತೇನಿ.”

ಕಾರಣ ನನಗೆ ಅರ್ಥವಾಯಿತು. ಊರಲ್ಲಿ ತಂದೆಯ ಮೂರೆಕರೆ ಹೊಲ ಇವರೊಬ್ಬರ ಹೆಸರಿಗಿತ್ತು. ವಂಶಾವಳಿಯಲ್ಲಿ ಅಕ್ಕನ ಹೆಸರು ಬಂದರೆ ನಾಳೆ ಪಾಲಿನ ಮಾತು ಬಂದೀತು ಎಂಬ ಹೆದರಿಕೆ.

“ನಾ ಬರದ್ರೂ ಆಕಿ ನಿಮ್ಮ ಅಕ್ಕ, ಬರೀಲಿಲ್ಲಂದ್ರೂ ನಿಮ್ಮ ಅಕ್ಕ. ಕಾಯ್ದೆ ಆಕಿಗೆ ಕೊಟ್ಟಿದ್ದು ನನ್ನ ಪೆನ್ನಿನಿಂದ ಹೆಚ್ಚೂ ಆಗೂದಿಲ್ಲ, ಕಡಿಮಿನೂ ಆಗೂದಿಲ್ರಿ,” ಎಂದೆ. “ನೀವು ತಿಂಗಳಿಗಿಷ್ಟ ಕೊಟ್ರ ಅದು ನಿಮ್ಮ ಉಪಕಾರ. ಇದು ಆಕಿ ಹಕ್ಕ.”

ನೋಡೋಣ ಎಂದರು. ಅಕ್ಕನ ಹೆಸರಿಗೆ ಅರಳಿದ ಮುಖ ನೋಡಿದ್ದರಿಂದ, ಬರುತ್ತಾರೋ ಇಲ್ಲವೋ ಎಂಬ ಅನುಮಾನ ನನಗೆ ಇರಲಿಲ್ಲ. ಪಂಚನಾಮೆಯ ದಿನ ಗೊತ್ತು ಮಾಡಿ ನೋಟೀಸು ಕೊಟ್ಟು ಬಂದೆ.

ಆ ದಿನ ಊರ ಚಾವಡಿಯ ಕಟ್ಟೆಯ ಮೇಲೆ ಐದು ಮಂದಿ ಹಿರಿಯರು ಬಂದು ಕೂತರು. ಆಕೆ ತೊಳೆದ ಸೀರೆ ಉಟ್ಟು ಬಂದಿದ್ದಳು. ತಮ್ಮ ಬೈಕಿನಲ್ಲಿ ಬಂದಿಳಿದರು. ಕೈಯಲ್ಲಿ ಸೇವಾ ಪುಸ್ತಕದ ಪ್ರತಿ, ಸಾಲಿಯ ದಾಖಲೆ ಇದ್ದವು. ಜೊತೆಗೆ ಒಂದು ಛಾಪಾ ಕಾಗದವೂ ಇತ್ತು. ಅಕ್ಕನಿಗೆ ಹೊಲದಲ್ಲಿ ಹಕ್ಕು ಬೇಡ ಎಂದು ಬರೆಸಿ ತಂದಿದ್ದರು.

“ಇದಕ್ಕ ಆಕಿ ಹೆಬ್ಬಟ್ಟ ಹಚ್ಚಲಿ, ನಾ ಅದಕ್ಕ ಸಹಿ ಮಾಡ್ತೇನಿ,” ಎಂದರು.

ಆಕೆ ಹೆಬ್ಬೆರಳು ಮುಂದೆ ಚಾಚಿಯೇ ಬಿಟ್ಟಳು. “ನಿನ್ನ ಹೊಲ ನನಗ ಬ್ಯಾಡೋ ತಮ್ಮಾ. ನನ್ನ ವಯಸ್ಸ ನನಗ ಕೊಡು.”

ನಾನು ಮಸಿಯ ಡಬ್ಬಿ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. “ಆಯಿ, ಕೈ ತಗೀರಿ. ವೃದ್ಧಾಪ್ಯ ವೇತನಕ್ಕ ಈ ಕಾಗದ ಬೇಕಾಗಿಲ್ಲ. ನನ್ನ ಮುಂದ ಇದರ ಮ್ಯಾಲ ಯಾರೂ ಹೆಬ್ಬಟ್ಟ ಹಚ್ಚೂದಿಲ್ಲ.” ತಮ್ಮನ ಕಡೆ ತಿರುಗಿ ಹೇಳಿದೆ: “ನೀವು ಸಹಿ ಮಾಡಬ್ಯಾಡ್ರಿ ಬೇಕಾರ. ನಾ ಒಂದಷ್ಟ ಪ್ರಶ್ನೆ ಕೇಳ್ತೇನಿ, ಪಂಚರ ಮುಂದ ಖರೆ ಹೇಳ್ರಿ ಸಾಕ. ಇವರು ನಿಮಗ ಏನಾಗಬೇಕ್ರಿ?”

“ಅಕ್ಕ.”

“ಅಕ್ಕ ಅಂದ್ರ ದೊಡ್ಡಾಕಿನೋ ಸಣ್ಣಾಕಿನೋ?”

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ತಮ್ಮನೂ ನಕ್ಕರು. ನಾನು ಸಾಲಿಯ ದಾಖಲೆ ಬಿಚ್ಚಿ ಅವರ ಹುಟ್ಟಿದ ದಿನ ಓದಿದೆ. ಜೂನ್ ಒಂದು.

“ಈ ತಾರೀಖ ಬರಸಿದಾರು ಯಾರ್ರಿ? ನಿಮ್ಮಪ್ಪಾರ?”

ಅವರು ಅಕ್ಕನ ಕಡೆ ತಿರುಗಿ ನೋಡಿದರು. ಆಮೇಲೆ ಹೇಳಿದರು. “ಅಪ್ಪ, ಅವ್ವ ಕುರಿ ಜೋಡಿ ಹೋಗಿದ್ರು. ನನ್ನ ಹೆಸರ ಹಚ್ಚಾಕ ಸಾಲಿಗೆ ಕರಕೊಂಡ ಹ್ವಾದಾಕಿ ಇಕಿನ. ಮಾಸ್ತರು ಇವನ ವಯಸ್ಸೆಷ್ಟ ಅಂತ ಕೇಳಿದ್ರು.”

“ಕರೀ ಕುರಿ ಜೋಡ ಮರಿ ಹಾಕಿದ ಬ್ಯಾಸಿಗ್ಯಾಗ ಹುಟ್ಯಾನ್ರಿ, ಅದಕ್ಕ ಆರ ವರ್ಷ ಆತ್ರಿ ಅಂದ್ಯಾ,” ಎಂದು ಆಕೆಯೇ ಮಾತು ಮುಂದುವರಿಸಿದಳು. “ಮಾಸ್ತರು ಬರ್ಕೊಂಡ್ರು. ನನಗೂ ಹೆಸರ ಹಚ್ಚಲೇನ ಅಂತ ಕೇಳಿದ್ರು. ಮನ್ಯಾಗ ಮರಿ ಇದ್ದೂರಿ, ನೋಡಾವ್ರ್ಯಾರು? ಬ್ಯಾಡ್ರಿ ಅಂದ್ಯಾ.”

ನಾನು ಪೆನ್ನು ಹಿಡಿದುಕೊಂಡೇ ಕೂತೆ. ಹತ್ತು-ಹನ್ನೊಂದು ವರ್ಷದ ಹುಡುಗಿ ಅಂದು ಆಡಿದ ಮಾತನ್ನು ಸರಕಾರ ಪ್ರಮಾಣವೆಂದು ಒಪ್ಪಿತ್ತು. ಆ ಮಾತಿನ ಮೇಲೆ ತಮ್ಮನಿಗೆ ನೌಕರಿ ಕೊಟ್ಟಿತು, ಅರವತ್ತಾಯಿತೆಂದು ನಿವೃತ್ತಿ ಕೊಟ್ಟಿತು, ಪೆನ್ಶನ್ ಕೊಡುತ್ತಿದೆ. ಆಕೆ ತನ್ನ ವಯಸ್ಸು ಹೇಳಿದರೆ ಮಾತ್ರ ಕಾಗದ ತಾ ಎಂದೆವು.

ತಮ್ಮ ಛಾಪಾ ಕಾಗದವನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. “ಎಲ್ಲಿ ಸಹಿ ಮಾಡಬೇಕ್ರಿ?” ಎಂದರು. ತಮ್ಮನಿಗಿಂತ ಐದು ವರ್ಷ ದೊಡ್ಡವಳು ಎಂದು ಪಂಚರು ಹೇಳಿದ್ದನ್ನು ಬರೆದುಕೊಂಡೆ. ಐದೂ ಮಂದಿ ಸಹಿ ಹಾಕಿದರು. ಆ ಮೂರೆಕರೆಯ ಮಾತು ಮುಂದೆ ಅಕ್ಕ, ತಮ್ಮನ ನಡುವೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೆ ಆಕೆಯ ಕೈ ಖಾಲಿ ಇರಬಾರದು, ಅಷ್ಟನ್ನು ನಾನು ನೋಡಿಕೊಂಡೆ.

ಉಳಿದದ್ದು ಓಡಾಟ. ವಂಶಾವಳಿ ನೋಡಿ ವೈದ್ಯರು ವಯಸ್ಸಿನ ಪ್ರಮಾಣಪತ್ರ ಕೊಟ್ಟರು. ಕಾರ್ಡು ತಿದ್ದಿಸಲು ಎರಡು ಸಲ ಹೋಗಬೇಕಾಯಿತು. ನೂಲು ತೆಗೆದು ತೆಗೆದು ಆಕೆಯ ಬೆರಳ ಗುರುತು ಸವೆದುಹೋಗಿತ್ತು, ಮಷೀನು ಹಿಡಿಯುತ್ತಿರಲಿಲ್ಲ. ಕಣ್ಣಿನ ಗುರುತು ಹಿಡಿಯಿತು. ಶಿರಸ್ತೇದಾರರು ಕೊಟ್ಟ ಮಾತಿನಂತೆ ಕಡತ ತಡೆಯಲಿಲ್ಲ. ಎರಡನೆಯ ತಿಂಗಳಿಗೆ ಮಂಜೂರಿ ಆದೇಶ ಬಂತು.

ಮೊದಲ ಹಣ ಬಂದ ಮರುದಿನ ಆಕೆ ಕಚೇರಿಗೆ ಬಂದಳು. ಮೇಜಿನ ಮೇಲೆ ಅರ್ಧ ಕಿಲೋ ಕರದಂಟಿನ ಪೊಟ್ಟಣ ಇಟ್ಟಳು.

“ಆಯಿ, ಇದು ನಾ ತಗೊಳ್ಳಾಕ ಬರೂದಿಲ್ರಿ.”

“ಲಂಚ ಅಲ್ರಿ ಬಾಯಾರ. ಕೆಲಸ ಆದ ಮ್ಯಾಲ ಲಂಚ ಯಾರ ಕೊಡತಾರ? ನಂದ ಮೊದಲನೇ ಪಗಾರ. ಬಾಯಿ ಸಿಹಿ ಮಾಡ್ಕೋರಿ.”

ಪಗಾರ ಎಂದಳು. ಸಹಾಯಧನ, ಮಾಸಾಶನ ಎಂದು ನಾವು ಕಾಗದದಲ್ಲಿ ಏನೇನೋ ಬರೆಯುತ್ತೇವೆ. ಮರಿ ಕಾಯ್ದದ್ದು, ತಮ್ಮನನ್ನು ಸಾಲಿಗೆ ಹಚ್ಚಿದ್ದು, ಊರಿನ ಕಂಬಳಿಗೆಲ್ಲ ನೂಲು ತೆಗೆದದ್ದು, ಯಾವುದಕ್ಕೂ ಸೇವಾ ಪುಸ್ತಕವಿಲ್ಲ. ಆದರೆ ಅದು ಸೇವೆ. ಆಕೆಗೆ ಅದು ಗೊತ್ತಿತ್ತು. ನನಗೆ ಅಂದು ಮತ್ತೆ ಗೊತ್ತಾಯಿತು. ಪೊಟ್ಟಣ ಬಿಚ್ಚಿ ಅಲ್ಲಿದ್ದವರಿಗೆಲ್ಲ ಹಂಚಿದೆವು. ಆಕೆಗೆ ಮಾತ್ರ ಅಗಿಯಲು ಬರಲಿಲ್ಲ. ಒಂದು ಚೂರನ್ನು ದವಡೆಯಲ್ಲಿಟ್ಟುಕೊಂಡು ಚೀಪುತ್ತ ಕೂತಳು.

ನನ್ನ ಎರಡು ಊರುಗಳ ಪಟ್ಟಿಯನ್ನೂ ಆ ತಿಂಗಳು ಮನೆಮನೆಗೆ ಹೋಗಿ ನೋಡಿದೆ. ಕೆಲವು ಹೆಸರು ಕಡಿಮೆಯಾದವು. ಕೆಲವರು ನನ್ನ ಜೊತೆ ಮಾತು ಬಿಟ್ಟರು, ಒಬ್ಬರು ವರ್ಗ ಮಾಡಿಸುತ್ತೇನೆ ಎಂದರು. ಮಾಡಿಸಲಿ ಎಂದೆ. ಅರ್ಹರು ಯಾರು ಎಂದು ಯಾರಾದರೂ ಕೇಳಿದರೆ ಈಗ ನನಗೆ ತಡವರಿಸಬೇಕಾಗಿಲ್ಲ. ದುಡಿದವರೆಲ್ಲ ಅರ್ಹರು. ಖುರ್ಚಿಯ ಮೇಲೆ ದುಡಿದವರು, ಕೆಸರಿನಲ್ಲಿ ದುಡಿದವರು, ಕುರಿಯ ಹಿಂದೆ ದುಡಿದವರು, ಎಲ್ಲರೂ. ಎಲ್ಲರಿಗೂ ಸಿಗುವ ದಿನ ಬರುವವರೆಗೆ, ಬೇರೆ ಏನೂ ಇಲ್ಲದವರು ಸರತಿಯಲ್ಲಿ ಮುಂದೆ ನಿಲ್ಲಬೇಕು. ಇದರಲ್ಲಿ ನನಗೆ ಸಂಶಯವಿಲ್ಲ.

ಹಬ್ಬಕ್ಕೆ ತವರಿಗೆ ಹೋದಾಗ ಅಪ್ಪ ಸಣ್ಣ ದನಿಯಲ್ಲಿ, ಕಾಕಾ ಹುಕ್ಕೇರಿಗೆ ಹೋಗಿ ತನ್ನ ವೇತನ ಬೇಡವೆಂದು ಬರೆದುಕೊಟ್ಟು ಬಂದ ಸುದ್ದಿ ಹೇಳಿದ. ನಾನು ಕಾಕಾನ ಬಳಿ ಹೋಗಿ ನಿಂತೆ.

“ನಿನ್ನ ಮಾತಿಗಿ ಅಂತ ತಿಳಕೋಬ್ಯಾಡ,” ಎಂದ. “ಪೋಸ್ಟಮನ್ ಬಂದಾಗ ಆ ಮುದುಕಿ ನೆನಪಾದಳು. ಸಹಿ ಮಾಡಾಕ ಕೈ ಏಳಲಿಲ್ಲ. ಆದ್ರ ರೈತಗ ಪೆನ್ಶನ್ ಬೇಕ ಅನ್ನೂದ ನಾ ಬಿಡೂದಿಲ್ಲ, ತಿಳೀತ?”

“ಬಿಡಬ್ಯಾಡ,” ಎಂದೆ. ಆ ಮಧ್ಯಾಹ್ನ ಅವನು ಹೇಳಿದ್ದನ್ನು ಒಂದು ಮನವಿಯಾಗಿ ನಾನೇ ಬರೆದುಕೊಟ್ಟೆ. ಊರಿನ ನಲವತ್ತು ಮಂದಿಯ ಸಹಿ ಹಾಕಿಸಿ ತಾನೇ ಒಯ್ದು ಕೊಟ್ಟ. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ಮನವಿ ಬರಿ ಎಂದು ಮೊನ್ನೆ ಫೋನ್ ಮಾಡಿದ್ದ.

ಹೋದ ಸೋಮವಾರ ಕಚೇರಿ ತೆರೆಯುವ ಮೊದಲೇ ಇಬ್ಬರು ಮುದುಕಿಯರು ಕಟ್ಟೆಯ ಮೇಲೆ ಕೂತಿದ್ದರು. ಒಬ್ಬಳು ನೂಲಿನ ಆಯಿ. ಇನ್ನೊಬ್ಬಳು ಊರೂರು ತಿರುಗಿ ಬಳೆ ತೊಡಿಸುವ ಮುಸಲ್ಮಾನರ ಓಣಿಯ ಆಯಿ. ನನಗೂ ಬಳೆ ತೊಡಿಸಿದವಳು.

“ಬಾಯಾರ, ಇಕಿದೂ ವಯಸ್ಸ ಕಳದೈತ್ರಿ,” ಎಂದು ನೂಲಿನ ಆಯಿ ಆಕೆಯ ಕೈ ಹಿಡಿದು ಮುಂದೆ ತಂದಳು. “ಹುಡಿಕಿ ಕೊಡ್ರಿ.”

ಕೀಲಿ ತೆಗೆದು ಇಬ್ಬರನ್ನೂ ಒಳಗೆ ಕರೆದೆ. ಬಳೆಯ ಆಯಿಯ ಕಾರ್ಡು ಈಸಿಕೊಂಡು ನೋಡಿದೆ. ಇಲ್ಲಿಯೂ ಜನವರಿ ಒಂದು. ಹಾಳೆ ಎಳೆದುಕೊಂಡು ಪೆನ್ನು ತೆಗೆದು ಕೇಳಿದೆ:

“ಆಯಿ, ನಿಮಗಿಂತ ಸಣ್ಣವರು ಯಾರಾರ ಸಾಲಿ ಕಲ್ತಾರೇನ್ರಿ?”